ಒಂದೇ ಥರದ ಎರಡು ಕಪ್ಪು ಡಬ್ಬಿ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಬೆಸುಗೆಯಕ್ಕ ಎಂದೇ ಕರೆಯುತ್ತಿದ್ದರು. ಏಳನೇ ತರಗತಿಗೇ ಓದು ಬಿಟ್ಟವಳು. ಮದುವೆಯಾಗಿ ಬಂದ ಹೊಸದರಲ್ಲಿ ಬಲ್ಬು ಬದಲಾಯಿಸಲಿಕ್ಕೂ ಹೆದರಿ ಸಾಯುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಮಾವನ ರೇಡಿಯೋ ರಿಪೇರಿ ಅಂಗಡಿ. ಮಾವನಿಗೆ ಕಣ್ಣು ಮಂಜಾಗುತ್ತ ಬಂದಾಗ ಸಣ್ಣ ತಂತಿ ಹಿಡಿದುಕೊಡಲು ಯಾರಾದರೂ ಬೇಕಾಯಿತು. ಮಗ ಬಸ್ ಕಂಡಕ್ಟರು, ಬೆಳಗ್ಗೆ ಹೋದರೆ ಸಂಜೆಗೇ ಬರುವುದು. ಮಗಳ ಮೂಗು ಸದಾ ಪುಸ್ತಕದೊಳಗೆ. ಉಳಿದವಳು ಸೊಸೆ. ಅವಳು ತಂತಿ ಹಿಡಿದಳು, ಹಿಡಿದದ್ದನ್ನು ಮತ್ತೆ ಬಿಡಲಿಲ್ಲ.

ಮಾವ ಕಲಿಸಿದ ಮೊದಲ ಪಾಠ ಬೆಸುಗೆ ಹಾಕುವುದಲ್ಲ. "ನೋಡಮ್ಮ, ಗಿರಾಕಿ ಸಾಮಾನು ಕೆಟ್ಟಿದೆ ಅಂತ ಬಾಯಿ ಬಿಡೋಕೆ ಮುಂಚೆ ನಮ್ಮ ತಂತಿ ಸರಿಯಿದೆಯಾ ನೋಡ್ಕೋ. ನಮ್ಮ ಮನೆ ರೋಗಾನ ಅವರ ತಲೆಗೆ ಕಟ್ಟಬಾರದು," ಅನ್ನುತ್ತಿದ್ದರು. ಮೂವತ್ತು ವರ್ಷದಲ್ಲಿ ರೇಡಿಯೋ ಹೋಗಿ ಟೇಪ್‌ರೆಕಾರ್ಡರ್ ಬಂತು, ಅದೂ ಹೋಗಿ ಟೀವಿ ಬಂತು, ಕೊನೆಗೆ ಕಂಪ್ಯೂಟರು ಬಂತು. ಮಾವ ತೀರಿಕೊಂಡರು. ಅವರ ಕುರ್ಚಿಯಲ್ಲಿ ಕೂತ ಬೆಸುಗೆಯಕ್ಕ ಪ್ರತಿಸಲವೂ ಮೊದಲು ತನ್ನ ತಂತಿಯನ್ನೇ ಪರೀಕ್ಷಿಸುತ್ತಿದ್ದಳು. ಒಂದು ಸಲ ಬಿಟ್ಟು.

ಆ ಒಂದು ಸಲ ಬಂದವಳು ಸ್ವಂತ ನಾದಿನಿ.

ನಾದಿನಿ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರು. ಮಾತೇ ಕೇಳಿರದ ಮಕ್ಕಳಿಗೆ ಮಾತು ಕಲಿಸುವ ಕೆಲಸ. ಮಕ್ಕಳು ತುಟಿ ನೋಡಿ ಕಲಿಯುತ್ತಾರೆ. ಆದರೆ ತುಟಿ ಮೋಸ ಮಾಡುತ್ತದೆ. ಪಾಪ ಅಂದರೂ, ಬಾಬ ಅಂದರೂ, ಮಾಮ ಅಂದರೂ ನೋಡುವವರಿಗೆ ಒಂದೇ. ಅದಕ್ಕೆ ಅವಳು ಮಗುವಿನ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು ಹೇಳಿಕೊಡುತ್ತಿದ್ದಳು. ಬ ಅಂದರೆ ಗಂಟಲು ನಡುಗುತ್ತದೆ, ಪ ಅಂದರೆ ನಡುಕ ತಡೆದು ನಿಲ್ಲುತ್ತದೆ, ಮ ಅಂದರೆ ಮೂಗಿಗೆ ಗುಂಯ್ ಎನ್ನುತ್ತದೆ. ಒಂದು ಮಗು ಒಂದು ಪದವನ್ನು ಸರಿಯಾಗಿ ಹೇಳುವುದಕ್ಕೆ ಕೆಲವೊಮ್ಮೆ ವರ್ಷ ಹಿಡಿಯುತ್ತಿತ್ತು. ಹೇಳಿದ ದಿನ ಅವಳು ಅದನ್ನು ವಿಡಿಯೋ ಮಾಡಿ ಶಾಲೆಯ ಕಂಪ್ಯೂಟರಿಗೆ ಹಾಕಿ ಇಡುತ್ತಿದ್ದಳು. ಇಪ್ಪತ್ತೆರಡು ವರ್ಷ, ನೂರ ಹದಿನೇಳು ಮಕ್ಕಳು, ನೂರ ಹದಿನೇಳು ಮೊದಲ ಮಾತು.

ಒಂದು ದಿನ ಆ ಕಂಪ್ಯೂಟರು ಕೈಕೊಟ್ಟಿತು. ಅದರ ಹೊಟ್ಟೆಯಿಂದ ಹಾರ್ಡ್ ಡಿಸ್ಕ್ ಬಿಚ್ಚಿಸಿ, ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಳು ನಾದಿನಿ.

"ಅತ್ತಿಗೆ, ಎಲ್ಲಾ ಇದರಲ್ಲೇ ಇದೆ. ಇನ್ನೆಲ್ಲೂ ಇಟ್ಟಿಲ್ಲ."

"ಇನ್ನೊಂದು ಕಡೆ ಇಡಬೇಕು ಅಂತ ಹೊಳೀಲಿಲ್ವಾ? ಊರಿಗೆಲ್ಲಾ ಬುದ್ಧಿ ಹೇಳೋ ಟೀಚರಮ್ಮನಿಗೆ?"

"ಬೈಯೋದನ್ನ ಆಮೇಲೆ ಬೈರಿ. ಮೊದ್ಲು ನೋಡ್ರಿ."

ಬೆಸುಗೆಯಕ್ಕನ ಹತ್ತಿರ ಅದಕ್ಕೆಂದೇ ಒಂದು ಅಡಾಪ್ಟರ್ ಇತ್ತು. ಒಂದು ತುದಿ ಡಿಸ್ಕಿನ ಬಾಯಿಗೆ, ಇನ್ನೊಂದು ತುದಿ ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ. ಲ್ಯಾಪ್‌ಟಾಪಿನ ಸಣ್ಣ ಡಿಸ್ಕಾದರೆ ಅಷ್ಟೇ ಸಾಕು. ಇದು ಹಳೇ ಕಾಲದ ದೊಡ್ಡ ಡಿಸ್ಕು, ಹೊಟ್ಟೆಬಾಕ. ಇದಕ್ಕೆ ಬೇರೆಯೇ ಕರೆಂಟು ಉಣಿಸಬೇಕು. ಅದಕ್ಕೆ ಗೋಡೆಯ ಪ್ಲಗ್ಗಿನಿಂದ ಬರುವ ಒಂದು ಕಪ್ಪು ಡಬ್ಬಿ. ಎಲ್ಲ ಚುಚ್ಚಿದಳು. ಅಡಾಪ್ಟರಿನ ಹಸಿರು ದೀಪ ಹತ್ತಿತು. ಪರದೆಯ ಮೇಲೆ ಮಾತ್ರ ಡಿಸ್ಕು ಬಂದಿದೆ ಅನ್ನುವ ಸುಳಿವೇ ಇಲ್ಲ.

ನಾದಿನಿ ಅಭ್ಯಾಸಬಲದಿಂದ ಡಿಸ್ಕಿನ ಬೆನ್ನ ಮೇಲೆ ಅಂಗೈ ಇಟ್ಟಳು.

"ಅತ್ತಿಗೆ, ಇದು ಏಳೋಕೆ ನೋಡ್ತಿದೆ, ಮತ್ತೆ ಬೀಳ್ತಿದೆ. ನಿತ್ರಾಣ ಆದವರ ಥರ. ಶಕ್ತಿ ಸಾಲ್ತಿಲ್ವೇನೋ."

"ನೀವು ಮಕ್ಕಳ ಗಂಟಲು ನೋಡ್ಕೊಳ್ರಿ ಟೀಚರಮ್ಮ. ಡಿಸ್ಕಿನ ಗಂಟಲು ನನಗೆ ಬಿಡ್ರಿ."

ಇಬ್ಬರೂ ನಕ್ಕರು. ಅಲ್ಲಿಗೆ ನಿಂತಿದ್ದರೆ ಒಳ್ಳೆಯದಿತ್ತು. ನಾದಿನಿ ಸುಮ್ಮನಿರಲಾರದೆ, ಗೋಡೆಯ ಮೇಲಿದ್ದ ಮಾವನ ಫೋಟೋ ಕಡೆ ನೋಡಿ, "ಅಪ್ಪ ಇದ್ದಿದ್ರೆ ಹೇಗಾದ್ರೂ ಎಬ್ಬಿಸಿ ಕೂರಿಸ್ತಿದ್ರು," ಅಂದಳು.

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅಪ್ಪನ ನೆನಪಿಗೆ ಅಂದದ್ದು. ಆದರೆ ಮಾವ ತೀರಿಕೊಂಡ ಮೇಲೆ ಅಂಗಡಿಯಲ್ಲಿನ ತನ್ನ ಪಾಲನ್ನು ಬಿಟ್ಟುಕೊಡುವಾಗಲೂ ಅವಳು ಹೀಗೇ ಒಂದು ಮಾತು ಆಡಿದ್ದಳು: "ಅಂಗಡಿ ಅತ್ತಿಗೆಗೇ ಇರಲಿ. ಅಪ್ಪನ ಕೈಗುಣ ಮಾತ್ರ ಯಾರಿಗೂ ಬರಲ್ಲ." ಆ ಮುಳ್ಳು ಬೆಸುಗೆಯಕ್ಕನ ಎದೆಯಲ್ಲಿ ಒಳಗೊಳಗೇ ಕೊಳೆಯುತ್ತಿತ್ತು. ಈಗ ಅದನ್ನೇ ಒತ್ತಿದ ಹಾಗಾಯಿತು.

ಕಿಂಡಿ ಬದಲಾಯಿಸಿ ಇನ್ನೊಂದು ಸಲ ಚುಚ್ಚಿದಳು. ಐದು ನಿಮಿಷವೂ ಆಗಿರಲಿಲ್ಲ. ಕಿತ್ತು ಮೇಜಿನ ಮೇಲಿಟ್ಟಳು.

"ಹೋಗಿದೆ."

"ಹೋಗಿದೆ ಅಂದ್ರೆ?"

"ಹೋಗಿದೆ ಅಂದ್ರೆ ಹೋಗಿದೆ. ಒಳಗಡೆ ಸತ್ತಿದೆ."

"ಬೇರೆ ಎಲ್ಲಾದ್ರೂ ತೋರಿಸ್ಲಾ ಅತ್ತಿಗೆ?"

"ತೋರಿಸಿ. ಬಿಚ್ಚಿ, ಕೆದಕಿ, ನಾಲ್ಕು ದಿನ ಅಲೆದಾಡಿಸಿ, ಅವರೂ ಇದನ್ನೇ ಹೇಳ್ತಾರೆ. ನನ್ನ ಕೈಲಾಗದ್ದು ಈ ಊರಲ್ಲಿ ಯಾರ ಕೈಲೂ ಆಗಲ್ಲ."

ನಾದಿನಿ ಡಿಸ್ಕನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡಳು. ಮೆಟ್ಟಿಲಿಳಿಯುವಾಗ ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಎಂಟು ತಿಂಗಳು ಕಳೆಯಿತು. ದೊಡ್ಡ ಡಿಸ್ಕು ಬರುವುದೇ ಅಪರೂಪವಾಗಿತ್ತು. ಬಂದವೆಲ್ಲ ಸಣ್ಣವು, ಕಪ್ಪು ಡಬ್ಬಿಯ ಹಂಗಿಲ್ಲದೆ ಕೆಲಸ ಮುಗಿಯುತ್ತಿತ್ತು. ಆಮೇಲೊಂದು ಮಧ್ಯಾಹ್ನ ಮೂಲೆಯ ಝೆರಾಕ್ಸ್ ಅಂಗಡಿಯ ಯಜಮಾನ ಒಂದು ದೊಡ್ಡ ಡಿಸ್ಕು ತಂದ. ಅವನು ಬಾಯಿಬಡುಕ, ಕೂತರೆ ಏಳುವ ಆಸಾಮಿಯಲ್ಲ.

"ಅಕ್ಕಾ, ಬೆಳಗ್ಗೆ ತನಕ ಓಡ್ತಿತ್ತು. ಕಂಪ್ಯೂಟರ್ ಮಾತ್ರ ಸತ್ತಿದ್ದು. ಇದರಲ್ಲಿರೋದನ್ನ ತೆಗೆದುಕೊಟ್ಬಿಡಿ."

ಚುಚ್ಚಿದಳು. ಹಸಿರು ದೀಪ ಹತ್ತಿತು, ಪರದೆಯ ಮೇಲೆ ಏನೂ ಇಲ್ಲ. ಯುಎಸ್‌ಬಿ ವೈರು ಬದಲಾಯಿಸಿದಳು. ಕಂಪ್ಯೂಟರಿನ ಹಿಂದಿನ ಕಿಂಡಿಗೆ ಹಾಕಿದಳು. ಇನ್ನೊಂದು ಕಂಪ್ಯೂಟರಿಗೆ ಹಾಕಿದಳು. ಊಹ್ಞೂಂ. ಹೋಗಿದೆ ಅನ್ನಲು ಬಾಯಿ ತೆರೆದವಳು, ಬೆಳಗ್ಗೆ ತನಕ ಓಡಿದ್ದು ಹೇಗೆ ಹೋಯಿತು ಎಂದು ಯೋಚಿಸುತ್ತ ಡಿಸ್ಕಿನ ಮೇಲೆ ಕೈಯಿಟ್ಟಳು.

ಅದು ಏಳುತ್ತಿತ್ತು, ಬೀಳುತ್ತಿತ್ತು. ಮತ್ತೆ ಏಳುತ್ತಿತ್ತು, ಬೀಳುತ್ತಿತ್ತು.

ಮೇಜಿನ ಕೆಳಗೆ ಬಗ್ಗಿ ಕಪ್ಪು ಡಬ್ಬಿಯನ್ನು ಕಿತ್ತು, ಕನ್ನಡಕ ಏರಿಸಿ, ಅದರ ಬೆನ್ನ ಮೇಲಿನ ಇರುವೆ ಅಕ್ಷರ ಓದಿದಳು. ಹನ್ನೆರಡು ವೋಲ್ಟು. ಅದು ಸರಿ. ಕೊಡುವ ಕರೆಂಟು ಮಾತ್ರ ಅರ್ಧ ಆಂಪಿಯರ್. ಅವಳ ಅಡಾಪ್ಟರಿನ ಡಬ್ಬಿ ಎರಡು ಆಂಪಿಯರಿನದು. ಹಾಗಾದರೆ ಇದು ಯಾರದು? ಎದ್ದು ಹೋಗಿ ಕಪಾಟಿನ ಮೇಲೆ ಇಂಟರ್‌ನೆಟ್ ರೂಟರಿಗೆ ಹಾಕಿದ್ದ ಕಪ್ಪು ಡಬ್ಬಿಯನ್ನು ಕಿತ್ತು ನೋಡಿದಳು. ಎರಡು ಆಂಪಿಯರ್.

ಎರಡೂ ಕಪ್ಪು, ಎರಡೂ ಒಂದೇ ಗಾತ್ರ, ಎರಡಕ್ಕೂ ಒಂದೇ ಥರದ ಮೂತಿ. ಕೋಣೆಗೆ ಸುಣ್ಣ ಬಳಿಸಿದಾಗ ಗಂಡ ಎರಡನ್ನೂ ಕಿತ್ತಿದ್ದ, ಮತ್ತೆ ಹಾಕುವಾಗ ಅದಲುಬದಲು ಮಾಡಿದ್ದ. ಇಂಟರ್‌ನೆಟ್ ರೂಟರಿಗೆ ಹೆಚ್ಚು ಉಣಿಸಿದರೂ ಬೇಕಾದಷ್ಟೇ ತಿಂದು ಸುಮ್ಮನಿತ್ತು. ಉಪವಾಸ ಬಿದ್ದದ್ದು ಡಿಸ್ಕು. ಸುಣ್ಣ ಬಳಿಸಿದ್ದು ನಾದಿನಿ ಬರುವುದಕ್ಕೆ ಒಂದು ವಾರ ಮೊದಲು.

ಸರಿಯಾದ ಡಬ್ಬಿ ಹಾಕಿದಳು. ಡಿಸ್ಕು ಗುಂಯ್ ಎಂದಿತು. ಪರದೆಯ ಮೇಲೆ ಒಂದೊಂದೇ ಫೋಲ್ಡರು ಬಂದು ಕೂತವು.

"ಭೇಷ್! ಅಕ್ಕನ ಕೈ ಅಂದ್ರೆ ಕೈ! ನಿಮ್ಮ ಮಾವನ ಕೈಗುಣವೇ ಬಂದಿದೆ," ಅಂದ ಝೆರಾಕ್ಸಿನವನು.

ಎಷ್ಟು ವರ್ಷದಿಂದ ಕೇಳಬೇಕೆಂದಿದ್ದ ಮಾತು ಅದು. ಕೇಳಿದ ಮೇಲೆ ಅವಳಿಗೆ ಎದ್ದು ಒಳಗೆ ಹೋಗಿ ಮುಖ ತೊಳೆದುಕೊಳ್ಳಬೇಕಾಯಿತು.

ಗಂಡನಿಗೆ ಹೇಳಿದಳು. ಅವನು ಮೊದಲು ತಮಾಷೆಗೆ, "ಅಂದ್ರೆ ನನ್ನ ಮೇಲೆ ಹಾಕ್ತೀಯಾ? ಕಂಡಕ್ಟರಿಗೆ ರೈಟ್ ರೈಟ್ ಅನ್ನೋದು ಬಿಟ್ಟು ಇನ್ನೇನು ಗೊತ್ತು ಮಾರಾಯ್ತಿ?" ಅಂದ. ಅವಳು ನಗದಿದ್ದದ್ದು ನೋಡಿ, "ಡಬ್ಬಿ ಬದಲಾಗಿದ್ದು ಯಾರಿಗಾದ್ರೂ ಆಗೋದೇ. ಹೋಗಿ ಡಿಸ್ಕ್ ಇಸ್ಕೊಂಡು ಬಾ. ಮುಗೀತಲ್ಲ," ಅಂದ.

ಅವಳನ್ನು ಕೊರೆಯುತ್ತಿದ್ದದ್ದು ಡಬ್ಬಿ ಬದಲಾಗಿದ್ದಲ್ಲ. ಹೊರಗಿನವನಾದ ಝೆರಾಕ್ಸಿನವನಿಗಾಗಿ ನಾಲ್ಕು ಬಗೆಯಲ್ಲಿ ಪರೀಕ್ಷೆ ಮಾಡಿದವಳು, ನಾದಿನಿಗೆ ಐದು ನಿಮಿಷ ಕೊಟ್ಟಿರಲಿಲ್ಲ. ನಾದಿನಿಯ ಅಂಗೈ ರೋಗವನ್ನು ಸರಿಯಾಗಿಯೇ ಹೇಳಿತ್ತು, ಅದನ್ನು ಹಾಸ್ಯ ಮಾಡಿ ತಳ್ಳಿಹಾಕಿದ್ದಳು. ಬೇರೆ ಕಡೆ ಹೋಗುವ ದಾರಿಯನ್ನೂ ಮುಚ್ಚಿದ್ದಳು. ಇದೆಲ್ಲ ಗಂಡನಿಗೆ ಬಾಯಿಬಿಟ್ಟು ಹೇಳಲಾಗಲಿಲ್ಲ. ನಾಲ್ಕು ದಿನ ಊಟ ಸೇರಲಿಲ್ಲ. ಎಸೆದಿದ್ದರೆ? ಗುಜರಿಗೆ ಹಾಕಿದ್ದರೆ? ಅಥವಾ ಅದೇ ಕರವಸ್ತ್ರದಲ್ಲಿ ಬೀರುವಿನಲ್ಲಿದ್ದರೆ? ಇದೆ, ಇದ್ದೇ ಇರುತ್ತದೆ ಎಂದು ಕೊನೆಗೆ ಮನಸ್ಸು ಕಲ್ಲು ಮಾಡಿಕೊಂಡು, ಅಡಾಪ್ಟರನ್ನೂ ಸರಿಯಾದ ಕಪ್ಪು ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಶಾಲೆಗೆ ಹೊರಟಳು.

ತರಗತಿ ನಡೆಯುತ್ತಿತ್ತು. ಆರೇಳು ಮಕ್ಕಳು ಅರ್ಧ ಚಂದ್ರಾಕಾರದಲ್ಲಿ ಕೂತಿದ್ದವು. ನಾದಿನಿ ಅವಳನ್ನು ಕಂಡು ಹಿಗ್ಗಿ ಹೀರೇಕಾಯಿಯಾದಳು.

"ಬನ್ನಿ ಬನ್ನಿ ಅತ್ತಿಗೆ! ಇವತ್ತೇನು ಸೂರ್ಯ ಯಾವ ಕಡೆ ಹುಟ್ಟಿದಾನೆ? ಕೂತ್ಕೊಳ್ಳಿ, ಆ ಪುಟ್ಟ ಕುರ್ಚೀಲಿ ಹಿಡಿಸಿದ್ರೆ!"

ಬೆಸುಗೆಯಕ್ಕ ಕೂರಲಿಲ್ಲ. ಅವಳ ಕಣ್ಣು ಕಿಟಕಿಯ ಪಕ್ಕ ನೆಟ್ಟಿತ್ತು. ಅಲ್ಲಿ ದಾರದಲ್ಲಿ ಎರಡು ದುಂಡು ಬಿಲ್ಲೆಗಳು ತೂಗುತ್ತಿದ್ದವು. ಬೆಳ್ಳಿಗಿಂತ ಹೊಳಪು, ನಡುವೆ ಒಂದು ತೂತು. ಎರಡು ಜಡೆಯ ಹುಡುಗಿಯೊಬ್ಬಳು ಒಂದಕ್ಕೆ ಮುಖವೊಡ್ಡಿ, ತನ್ನ ತುಟಿಯನ್ನೇ ನೋಡುತ್ತ ಪ, ಪ, ಪ ಎನ್ನುತ್ತಿದ್ದಳು. ಪ್ರತಿ ಪ-ಗೂ ಬಿಲ್ಲೆಯ ಮೇಲೆ ಉಸಿರಿನ ಮಂಜು ಕೂತು ಆರುತ್ತಿತ್ತು.

ಅದು ಡಿಸ್ಕಿನ ಹೊಟ್ಟೆಯೊಳಗೆ ವಿಡಿಯೋ ಎಲ್ಲ ಉಳಿಯುವ ಬಿಲ್ಲೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನೋಡಿದ್ರಾ, ನಿಮ್ಮ 'ಹೋಗಿದೆ'ಯನ್ನ ಹೇಗೆ ಇಟ್ಕೊಂಡಿದೀನಿ!" ನಾದಿನಿ ನಕ್ಕಳು. "ಆರು ತಿಂಗಳು ಬೀರುವಲ್ಲಿಟ್ಟಿದ್ದೆ. ಎಸೆಯೋಕೆ ಮನಸ್ಸು ಬರಲಿಲ್ಲ. ಆಮೇಲೆ ಡ್ರಾಯಿಂಗ್ ಮೇಷ್ಟ್ರು ಬಿಚ್ಚಿ ತೋರಿಸಿದ್ರು, ಒಳಗೆ ಕನ್ನಡಿ! ಇಷ್ಟು ಚೊಕ್ಕಟ ಕನ್ನಡಿ ಅಂಗಡೀಲಿ ಸಿಗಲ್ಲ. ಹಳೇ ಮಕ್ಕಳ ಮಾತೆಲ್ಲಾ ಇದರೊಳಗೇ ಇದೆಯಲ್ಲಾ ಅತ್ತಿಗೆ, ಹೊಸ ಮಕ್ಕಳು ಇದನ್ನೇ ನೋಡಿ ಕಲೀಲಿ ಅಂತ."

ಎರಡು ತಿಂಗಳು. ಎರಡೇ ತಿಂಗಳ ಮುಂಚೆ ಬಂದಿದ್ದರೆ! ಒಮ್ಮೆ ಧೂಳು ಬಿದ್ದು, ಬೆರಳು ತಾಗಿ, ಉಸಿರು ಬಡಿದ ಬಿಲ್ಲೆಯಿಂದ ಇನ್ನು ಮಾವ ಬಂದರೂ ಏನನ್ನೂ ಎಬ್ಬಿಸಲಾರರು ಎನ್ನುವುದು ಅವಳಿಗೆ ಗೊತ್ತಿತ್ತು. ಚೀಲದಲ್ಲಿದ್ದ ಕಪ್ಪು ಡಬ್ಬಿ ಕಲ್ಲುಗುಂಡಿನ ಹಾಗೆ ಭಾರವಾಯಿತು.

ಹೇಳದೆ ಹಿಂದಿರುಗಬಹುದಿತ್ತು. ಸುಮ್ಮನೆ ನೋಡಿಹೋಗಲು ಬಂದೆ ಅಂದಿದ್ದರೆ ನಾದಿನಿ ನಂಬುತ್ತಿದ್ದಳು, ಟೀ ತರಿಸುತ್ತಿದ್ದಳು, ಬಾಗಿಲ ತನಕ ಬಂದು ಕಳಿಸುತ್ತಿದ್ದಳು. ಹೇಳಿದರೆ ಆ ಕನ್ನಡಿಯೂ ಅವಳ ಪಾಲಿಗೆ ಒಡೆದ ಹಾಗೆ. ಬೆಸುಗೆಯಕ್ಕನ ಕಾಲು ಬಾಗಿಲ ಕಡೆ ಅರ್ಧ ತಿರುಗಿಯೂ ಇತ್ತು. ಆಗ ಬಿಲ್ಲೆ ಗಾಳಿಗೆ ತಿರುಗಿತು. ಅದರಲ್ಲಿ ಅವಳ ಮುಖ ಕಂಡಿತು. ಆ ಮುಖ ಹೊತ್ತು ಮನೆಗೆ ಹೋಗಲಾರೆ ಅನ್ನಿಸಿತು.

ನಾದಿನಿಯ ಹತ್ತಿರ ಹೋಗಿ, ಮಕ್ಕಳಿಗೆ ತೊಂದರೆಯಾಗಬಾರದು ಎಂಬಂತೆ, ತೀರಾ ಸಣ್ಣ ದನಿಯಲ್ಲಿ ಹೇಳಿದಳು. "ಅದು ಹೋಗಿರ್ಲಿಲ್ಲ."

"ಯಾವುದು?"

"ಡಿಸ್ಕು. ಹೋಗಿರ್ಲಿಲ್ಲ. ನಾನು ಹಾಕಿದ ಡಬ್ಬೀಲಿ ಕರೆಂಟು ಸಾಲ್ತಿರ್ಲಿಲ್ಲ. ನೀವು ಅವತ್ತೇ ಅಂದ್ರಿ, ಕೈಯಿಟ್ಟು ಅಂದ್ರಿ. ನಂಗೆ ನಿಮ್ಮ ಮೇಲೆ ಕೋಪ ಇತ್ತು. ನಾನು ಸರಿಯಾಗಿ ನೋಡ್ಲೇ ಇಲ್ಲ. ತಪ್ಪು. ನಂದೇ ತಪ್ಪು."

ನಾದಿನಿಯ ಮುಖದ ನಗು ಹಾಗೇ ಉಳಿದು, ಅದರೊಳಗಿನ ಜೀವ ಮಾತ್ರ ಹೋಯಿತು. ಅವಳು ಬಿಲ್ಲೆಯ ಕಡೆ ನೋಡಿದಳು. ಆಮೇಲೆ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ತಾನೇ ಕುಸಿದಳು.

ಆ ಕೋಣೆಯಲ್ಲಿ ಸಣ್ಣ ದನಿ, ದೊಡ್ಡ ದನಿ ಎರಡೂ ಒಂದೇ ಎನ್ನುವುದನ್ನು ಬೆಸುಗೆಯಕ್ಕ ಮರೆತಿದ್ದಳು. ಎರಡು ಜಡೆಯ ಹುಡುಗಿ ಅವಳ ತುಟಿಯನ್ನೇ ನೋಡುತ್ತಿದ್ದಳು. ಮೊದಲಿನ ಮಾತೆಲ್ಲ ಅವಳಿಗೆ ತಿಳಿದಿರಲಿಕ್ಕಿಲ್ಲ, ಕೊನೆಯದು ಮಾತ್ರ ತಿಳಿಯಿತು. ಮುಖ ಅರಳಿಸಿಕೊಂಡು ಗಟ್ಟಿಯಾಗಿ, "ತಬ್ಬು!" ಅಂದಳು. ಓಡಿ ಬಂದು ಬೆಸುಗೆಯಕ್ಕನ ಸೊಂಟ ತಬ್ಬಿಕೊಂಡಳು.

ಬೆಸುಗೆಯಕ್ಕನ ಕೈ ಮೇಲೆದ್ದು ಅಲ್ಲೇ ನಿಂತಿತು. ಆ ಮಗುವಿನ ತಲೆ ಸವರುವಷ್ಟು ಅರ್ಹತೆಯೂ ತನಗಿಲ್ಲ ಅನ್ನಿಸಿತು.

ನಾದಿನಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಹುಡುಗಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ತಬ್ಬು ಅಲ್ಲ ಪುಟ್ಟಾ. ತಪ್ಪು." ಆಮೇಲೆ ಬೆಸುಗೆಯಕ್ಕನ ಮುಖ ನೋಡದೆಯೇ, "ಅತ್ತಿಗೆ, ಇನ್ನೊಂದ್ಸಲ ಹೇಳಿ," ಅಂದಳು.

"ಏನನ್ನ?"

"ಈಗ ಹೇಳಿದ್ದನ್ನೇ. ಇವಳಿಗೆ ಪ-ಬ ಇನ್ನೂ ಬಂದಿಲ್ಲ."

ಅದು ಸಿಟ್ಟೋ, ಕೆಲಸದ ಮಾತೋ, ಬೆಸುಗೆಯಕ್ಕನಿಗೆ ತಿಳಿಯಲಿಲ್ಲ. ನಾದಿನಿ ಮಗುವಿನ ಅಂಗೈ ಹಿಡಿದು ಅತ್ತಿಗೆಯ ಗಂಟಲಿಗೆ ಒತ್ತಿದಳು. ಬೆಚ್ಚನೆಯ ಪುಟ್ಟ ಕೈ.

"ತಪ್ಪು," ಅಂದಳು ಬೆಸುಗೆಯಕ್ಕ.

ಹುಡುಗಿ ಕಣ್ಣು ಮುಚ್ಚಿ ಗಮನ ಕೊಟ್ಟಳು. ಇಲ್ಲ ಎಂದು ತಲೆಯಾಡಿಸಿದಳು. "ತಬ್ಬು."

"ತಪ್ಪು."

"ತಬ್ಬು."

"ಗಂಟಲು ಗಟ್ಟಿ ಮಾಡ್ಕೊಂಡು ಹೇಳಿ ಅತ್ತಿಗೆ. ನಡುಗಿದ್ರೆ ಅವಳಿಗೆ ಬ ಅಂತಲೇ ಅನ್ಸೋದು."

ಬೆಸುಗೆಯಕ್ಕ ಉಸಿರು ಎಳೆದುಕೊಂಡಳು. ಗಂಟಲು ಬಿಗಿದಳು. ಮತ್ತೆ ಹೇಳಿದಳು, ಮತ್ತೆ ಹೇಳಿದಳು. ನಡುಕ ನಿಲ್ಲಲಿಲ್ಲ.

ತರಗತಿ ಮುಗಿದು ಮಕ್ಕಳೆಲ್ಲ ಎದ್ದಾಗ ನಾದಿನಿ, "ನಾಳೇನೂ ಬನ್ನಿ," ಅಂದಳು. "ಇವಳಿಗೆ ಬರೋ ತನಕ ಬನ್ನಿ."