ಸುಣ್ಣದ ಬೊಟ್ಟಿಟ್ಟ ನೂರು ಕಾಯಿ

ಮೊನ್ನೆ ಬೆಳಿಗ್ಗೆ ಚಟ್ನಿಪುಡಿಗೆಂದು ಡಬ್ಬಿಯಿಂದ ಒಂದು ಉಂಡೆ ಕೊಬ್ಬರಿ ತೆಗೆದು ಎರಡು ಹೋಳು ಮಾಡಿದೆ. ಗಪ್ಪೆಂದು ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಒಳಗೆಲ್ಲ ಕಪ್ಪಗೆ, ಅಂಟಂಟು. "ಅಯ್ಯೋ, ಇದನ್ಯಾರು ಮುಟ್ಟಿದ್ದು?" ಎಂದುಬಿಟ್ಟೆ. ಪಾತ್ರೆ ತೊಳೆಯುತ್ತಿದ್ದ ಮನೆಗೆಲಸದ ಜಯಮ್ಮ ಒದ್ದೆ ಕೈಗಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ನಾನಲ್ಲ ಕಣಕ್ಕ. ಆ ಮೂರು ದಿನ ನಾನು ಡಬ್ಬಿ ತಾವ್ಕೇ ಬರಾಕಿಲ್ಲ, ದೇವ್ರಾಣೆ."

ನನಗೆ ಕೆನ್ನೆಗೆ ಹೊಡೆದಂತಾಯಿತು. ನೀವು ನನ್ನನ್ನು ಬಲ್ಲವರಲ್ಲ, ಹೇಳಿಬಿಡುತ್ತೇನೆ: ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು. ಬೋರ್ಡಿನ ಮೇಲೆ ಗರ್ಭಕೋಶದ ಚಿತ್ರ ಬರೆದು, ಮುಸಿಮುಸಿ ನಗುವ ಹುಡುಗಿಯರನ್ನು ಗದರಿಸಿ, ಮುಟ್ಟಿನಲ್ಲಿ ಮೈಲಿಗೆಯೇನೂ ಇಲ್ಲವೆಂದು ಭಾಷಣ ಬಿಗಿದವಳು. ಅಂಥವಳ ಬಾಯಿಂದ ನನ್ನ ಅವ್ವನ ಮಾತು, ಅವ್ವನದೇ ರಾಗದಲ್ಲಿ ಹೊರಬಿದ್ದಿತ್ತು.

ಅವ್ವನ ಮಾತು ಎಂದೆನಲ್ಲ, ಅದನ್ನು ಹೇಳಬೇಕಾದರೆ ಬಿಳಿಗೆರೆಯ ಪಕ್ಕದ ನಮ್ಮ ಮನೆಯ ಅಟ್ಟ ಹತ್ತಬೇಕು. ನಮ್ಮ ಕಡೆ ಬಲಿತ ಕಾಯಿಯನ್ನು ನಾರಿನ ಮಟ್ಟೆಯ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಬೇಕು, ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಅಲ್ಲಿಯವರೆಗೆ ಒಳಗೇನು ನಡೆಯುತ್ತಿದೆಯೆಂದು ಯಾರಿಗೂ ಕಾಣುವುದಿಲ್ಲ. ಕಾಣದಿದ್ದಕ್ಕೇ ಇರಬೇಕು, ಅವ್ವ ಅಟ್ಟಕ್ಕೆ ದೇವರ ಗೂಡಿಗಿಂತ ಹೆಚ್ಚು ಮಡಿ ಮಾಡುತ್ತಿದ್ದಳು. ಹೊರಗಾದ ಹೆಂಗಸು ಅಟ್ಟ ಹತ್ತಿದರೆ ಕಾಯಿ ಒಳಗೇ ಕೊಳೆಯುತ್ತದೆ ಎಂಬುದು ಅವಳ ನಂಬಿಕೆ. ಅವಳಿಗೆ ಅವಳ ಅತ್ತೆ ಕೊಟ್ಟ ನಂಬಿಕೆ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ತಿಪಟೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬಂದು ವಿಜ್ಞಾನ ಓದುತ್ತಿದ್ದೆ. ಕಪ್ಪೆ ಕೊಯ್ದಿದ್ದೇನೆಂಬ ಜಂಬದಲ್ಲಿ ನೆಲ ಕಾಣುತ್ತಿರಲಿಲ್ಲ. ಆದರೆ ತಿಂಗಳ ಮೂರು ದಿನ, ಕಾಲೇಜಿನಿಂದ ಬಂದೊಡನೆ, ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಚಾಪೆ ಹಾಸಿಕೊಂಡು ತೆಪ್ಪಗೆ ಕೂರುತ್ತಿದ್ದೆ. ಅಲ್ಲೇ ಕೂತು ಸೂಕ್ಷ್ಮಾಣುಜೀವಿಗಳ ಪಾಠವನ್ನು ಉರು ಹೊಡೆಯುತ್ತಿದ್ದೆ. ಪುಸ್ತಕಕ್ಕೂ ಚಾಪೆಗೂ ಸಂಬಂಧವಿದೆಯೆಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ.

ಆ ದಿನಗಳಲ್ಲೇ ಒಂದು ವರ್ಷ ಅಟ್ಟದ ಅರ್ಧ ಕಾಯಿ ಕೊಳೆತಿತ್ತು. ಅಣ್ಣನ ಹೆಂಡತಿ ಗಂಗತ್ತಿಗೆ ಹುಳಿಯಾರು ಕಡೆಯಿಂದ ಬಂದು ಆಗ ಎರಡು ವರ್ಷ. "ಹೊರಗಾದಾಗ ಅಟ್ಟ ಹತ್ತಿದ್ಯಾ?" ಎಂದು ಅವ್ವ ಕೇಳಿದಳು. ಅತ್ತಿಗೆ ಇಲ್ಲವೆಂದಳು. ಆಗ ನಾನು, ಯಾರೂ ಕೇಳದಿದ್ದರೂ, "ಏಣಿ ಹತ್ರ ನಿಂತಿದ್ದು ನೋಡಿದೀನಿ ಕಣವ್ವ" ಎಂದೆ. ಏಣಿ ಇದ್ದದ್ದೇ ಕೊಟ್ಟಿಗೆಯಲ್ಲಿ, ಆ ಜಗಲಿಯಿಂದ ನಾಲ್ಕು ಮಾರು ದೂರ. ಆ ಮೂರು ದಿನ ಅವಳು ಇನ್ನೆಲ್ಲಿ ನಿಲ್ಲಬೇಕಿತ್ತು? ಅದನ್ನು ಯಾರೂ ಕೇಳಲಿಲ್ಲ. ಅಣ್ಣ ಅವಳನ್ನು ಎರಡು ತಿಂಗಳು ತೌರಿನಲ್ಲಿ ಬಿಟ್ಟು ಬಂದ. ಕರೆದುಕೊಂಡು ಬಂದ ದಿನ ಹೊಸ್ತಿಲಲ್ಲೇ ಅವ್ವ ಹೇಳಿದಳು: "ಇನ್ನೊಂದ್ ಸಲ ಅಟ್ಟ ಕೆಟ್ರೆ ನೀನು ವಾಪಸ್ ಬರೋದೇ ಬ್ಯಾಡ."

ಮರುವರ್ಷ ಕಾಯಿ ಸುಲಿಯುವ ದಿನ ಬಂತು. ಪ್ರತಿ ವರ್ಷ ಬರುತ್ತಿದ್ದ ಸಿದ್ದಣ್ಣ ಅಂಗಳದಲ್ಲಿ ಕಬ್ಬಿಣದ ಗೂಟ ನೆಟ್ಟುಕೊಂಡು ಮಟ್ಟೆ ಸುಲಿಯತೊಡಗಿದ. ನಾವು ಹೆಂಗಸರು ಚಿಪ್ಪು ಒಡೆದು ಉಂಡೆ ಬಿಡಿಸುತ್ತಿದ್ದೆವು. ನಡುವೆ ಸಿದ್ದಣ್ಣ ಒಂದು ಕಾಯಿ ಎತ್ತಿ ಹಿಡಿದ. "ಇದೇನವ್ವ, ಸುಣ್ಣದ ಬೊಟ್ಟು?"

"ಅಂಥವು ನೂರವೆ. ಬೇರೆ ಸುಲಿದು ನನ್ ಮುಂದೆ ಹಾಕಣ್ಣ" ಎಂದಳು ಅತ್ತಿಗೆ. ಜೊತೆಗೆ, ಅಟ್ಟದ ಎಡಗಡೆ ಮೂಲೆಯಿಂದ ಬೊಟ್ಟಿಲ್ಲದ ನೂರನ್ನೂ ಎಣಿಸಿ ಪ್ರತ್ಯೇಕ ಹಾಕಿಸಿಕೊಂಡಳು. ಏನೋ ಹರಕೆಯಿರಬೇಕೆಂದು ನಾವು ಸುಮ್ಮನಾದೆವು.

ಸಂಜೆಯ ಹೊತ್ತಿಗೆ ಅಂಗಳದ ತುಂಬ ಹೊಂಬಣ್ಣದ ಉಂಡೆಗಳು. ಅವ್ವನ ಮುಖ ಅರಳಿತ್ತು. "ನೋಡ್ದಾ ಸಿದ್ದ, ಈ ವರ್ಸ ಮಡಿ ಕಾಪಾಡ್ಕಂಡಿದ್ಕೆ ಹೆಂಗೈತೆ ಕೊಬ್ರಿ!"

ಅತ್ತಿಗೆ ಕೈಯಲ್ಲಿದ್ದ ಕತ್ತಿಯನ್ನು ನೆಲಕ್ಕಿಟ್ಟಳು. "ಅತ್ತೆ, ನಾನು ಈ ವರ್ಸ ಪ್ರತಿ ತಿಂಗ್ಳೂ ಆ ಮೂರು ದಿನ ಅಟ್ಟ ಹತ್ತಿದೀನಿ. ಮಧ್ಯಾಹ್ನ ನೀವೆಲ್ಲ ತೋಟಕ್ಕೆ ಹೋದಾಗ. ನಾನು ಬೊಟ್ಟಿಟ್ಟಿರೋವನ್ನ ಒಂದೊಂದೂ ಕೈಯಾರ ಮುಟ್ಟಿದೀನಿ. ಅದ್ರಲ್ಲಿ ಕೆಟ್ಟಿರೋದು ನಾಲ್ಕು. ಮುಟ್ಟದೇ ಇರೋ ನೂರ್ರಲ್ಲಿ ಐದು. ನೀವೇ ಎಣಿಸ್ಕಳಿ."

ಸಿದ್ದಣ್ಣನ ಕೈಯಲ್ಲಿದ್ದ ಮಟ್ಟೆ ಕೈಯಲ್ಲೇ ಉಳಿಯಿತು. ಇಷ್ಟು ಜನರ ಎದುರು, ಗಂಡಸರ ಎದುರು, ಆ ದಿನಗಳ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿದ್ದೇ ಇಲ್ಲ. ಅತ್ತಿಗೆ ಅಷ್ಟಕ್ಕೇ ನಿಲ್ಲಿಸದೆ ನನ್ನ ಕಡೆ ತಿರುಗಿದಳು.

"ಹೋದ್ ವರ್ಸ ನಾನು ಅಟ್ಟ ಹತ್ತಿದ್ದು ನೀ ನೋಡಿದ್ಯಾ?"

"ಏಣಿ ಹತ್ರ..."

"ಏಣಿ ಮಾತು ಬುಡು. ಹತ್ತಿದ್ದು ನೋಡಿದ್ಯಾ?"

"ಇಲ್ಲ" ಎಂದೆ. ಆ ಒಂದು ಮಾತು ಹೇಳಲು ನನಗೆ ಒಂದು ವರ್ಷ ಹಿಡಿದಿತ್ತು.

ಅವ್ವ ಎರಡೂ ರಾಶಿಗಳಲ್ಲಿ ಕೆಟ್ಟವನ್ನು ತಾನೇ ಎಣಿಸಿ ನೋಡಿದಳು. ಬೈಯುತ್ತಾಳೆಂದುಕೊಂಡೆ. "ಹಂಗಾರೆ ಹೋದ್ ವರ್ಸ ಕೆಟ್ಟಿದ್ಯಾಕೆ?" ಎಂದಳು, ಅಷ್ಟೇ.

"ಅದು ನಂಗೊತ್ತಿಲ್ಲ ಅತ್ತೆ. ನನ್ನಿಂದ ಅಲ್ಲ ಅನ್ನೋದು ಗೊತ್ತು."

ಸಿದ್ದಣ್ಣ ಮೆಲ್ಲಗೆ ಬಾಯಿ ಹಾಕಿದ: "ಹೋದ್ ವರ್ಸ ಅವಸರಕ್ಕೆ ಎಳಗಾಯಿನೂ ಸೇರಿಸಿ ಕೆಡವ್ಸಿದ್ರಲ್ಲವ್ವ. ಅದೇ ಇರ್ಬೌದು." ಕೆಡವಿಸಿದ್ದು ಅಣ್ಣ. ಅವನು ಎದ್ದು ದನಕ್ಕೆ ಹುಲ್ಲು ಹಾಕಲು ಹೋದ. ಅವ್ವ ಮತ್ತೆಂದೂ ಅಟ್ಟದ ಮಡಿಯ ಮಾತೆತ್ತಲಿಲ್ಲ. ತಪ್ಪಾಯಿತೆಂದೂ ಹೇಳಲಿಲ್ಲ.

ಮರುದಿನ ಬಾವಿಯ ಹತ್ತಿರ ಅತ್ತಿಗೆಯನ್ನು ಕೇಳಿದೆ: "ಅಕಸ್ಮಾತ್ ಆ ನೂರೂ ಕೆಟ್ಟಿದ್ರೆ ಏನ್ ಮಾಡ್ತಿದ್ರಿ ಅತ್ತಿಗೆ?"

"ಬಟ್ಟೆ ಗಂಟು ಕಟ್ಕಂಡು ಹೊಂಟೋಯ್ತಿದ್ದೆ" ಎಂದಳು. ಬಿಂದಿಗೆ ಸೊಂಟಕ್ಕೇರಿಸಿಕೊಂಡು, "ಎಲ್ಲಾರೂ ಹೇಳ್ತಾ ಹೇಳ್ತಾ, ನನ್ನಿಂದ್ಲೇನೋ ಅಂತ ನಂಗೇ ಅನುಮಾನ ಬಂದಿತ್ತು ಕಣೇ. ನಂಗೂ ಗೊತ್ತಾಗ್ಬೇಕಿತ್ತು" ಎಂದು ಹೊರಟುಹೋದಳು.

ಅವಳು ಏಳನೇ ತರಗತಿ ಓದಿದವಳು. ತನ್ನ ಸಂಸಾರವನ್ನೇ ಪಣಕ್ಕಿಟ್ಟು, ತನಗೆ ವಿರುದ್ಧವಾದ ಉತ್ತರ ಬಂದರೂ ಒಪ್ಪಿಕೊಳ್ಳಲು ಸಿದ್ಧಳಾಗಿ ಹತ್ತು ತಿಂಗಳು ಕಾದಿದ್ದಳು. ನಾನು ಅದೇ ವರ್ಷ ಪ್ರಯೋಗದ ಪರೀಕ್ಷೆಯಲ್ಲಿ, ಪಕ್ಕದವಳ ಪುಸ್ತಕ ನೋಡಿ ಉತ್ತರ ಬರೆದು, ಒಳ್ಳೆಯ ಅಂಕ ಪಡೆದಿದ್ದೆ.

ಜಯಮ್ಮ ಇನ್ನೂ ಕೈ ಬಚ್ಚಿಟ್ಟುಕೊಂಡೇ ನಿಂತಿದ್ದಳು. ಕೆಟ್ಟ ಹೋಳುಗಳನ್ನು ಪಕ್ಕಕ್ಕಿಟ್ಟು ಡಬ್ಬಿಯನ್ನು ಅವಳತ್ತ ಚಾಚಿದೆ. ಅವಳು ಹಿಡಿಯಲಿಲ್ಲ.

"ಇವತ್ತು ಬ್ಯಾಡ ಕಣಕ್ಕ" ಎಂದಳು, ನೆಲ ನೋಡುತ್ತ.

ನನಗೆ ಅರ್ಥವಾಯಿತು. "ಇವತ್ತೇ ಹಿಡಿ" ಎಂದೆ. "ಇದು ಯಾಕೆ ಕೆಟ್ಟಿತೋ ನಂಗೊತ್ತಿಲ್ಲ. ನಿನ್ನಿಂದ ಅಲ್ಲ ಅನ್ನೋದು ಗೊತ್ತು. ನಮ್ಮತ್ತಿಗೆ ಎಣಿಸಿ ನೋಡಿದಾಳೆ."

ಅವಳು ಕೈ ಒರೆಸಿಕೊಂಡು, ಡಬ್ಬಿಯೊಳಗೆ ನಿಧಾನವಾಗಿ ಬೆರಳಿಟ್ಟಳು.