ಬೇವಿನ ಕುರ್ಚಿಗೆ ಎರಡನೆಯ ಅಳತೆ

ಹೋದ ವಾರ ಮನೆಗೆ ಟೈಲ್ಸ್ ಹಾಕಿಸಿದೆವು. ನುಣ್ಣನೆಯ ನೆಲದ ಮೇಲೆ ನನ್ನ ಹೊಲಿಗೆಯ ಕುರ್ಚಿ ಅಲುಗಾಡತೊಡಗಿತು. ಬಡಿಗ ಬಂದು ಒಂದು ಕಾಲಿನ ತುದಿ ಕೊಯ್ದ. ಮೇಲೆಲ್ಲ ಕಪ್ಪಾಗಿದ್ದ ಕಟ್ಟಿಗೆಯ ಒಳಗಿಂದ ಬೇವಿನ ಕಹಿ ವಾಸನೆ ಎದ್ದಿತು... ಮೂಡಲಗಿಯ ನಮ್ಮ ಓಣಿಯ ಮಿಸ್ತ್ರಿ ಕಾಕಾರ ಅಂಗಿಗೆ ಸದಾ ಇರುತ್ತಿದ್ದ ವಾಸನೆ.

ಮದುವೆಯಾಗಿ ಬರುವಾಗ ನಾನು ನಾಗನೂರಿನ ತವರಿನಿಂದ ಹೊಲಿಗೆ ಮಷೀನು ತಂದಿದ್ದೆ. ಸ್ಟೂಲಿನ ಮೇಲೆ ಕೂತು ಕೂತು ಎರಡೇ ವರ್ಷಕ್ಕೆ ನಡು ಹಿಡಿದುಕೊಂಡಿತು. ಏಳಬೇಕೆಂದರೆ ಗೋಡೆ ಹಿಡಿಯಬೇಕು. "ಮಷೀನ್ ಮಾರಿಬಿಡೂಣು" ಎಂದು ಅತ್ತೆ ಶುರು ಮಾಡಿದರು. ಕೆಟ್ಟ ಮನಸ್ಸಿನಿಂದಲ್ಲ, ನನ್ನ ನರಳಾಟ ನೋಡಲಾಗದೆ. ಆದರೆ ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಅದೂ ಹೋದರೆ ನಾನು ಬರೀ ಸೊಸೆ. ಕೊನೆಗೆ ನಮ್ಮವರು ಕುರ್ಚಿ ಮಾಡಿಸಲೆಂದು ಕಾಕಾರನ್ನು ಕರೆತಂದರು.

ಕಾಕಾ ಟೇಪು ತರುತ್ತಿರಲಿಲ್ಲ. ಗೋಕಾಕದ ಅಂಗಡಿಕಾರರಿಗೂ ನಿಡಸೋಸಿಯ ಮಾಸ್ತರರಿಗೂ ಕುರ್ಚಿ ಮಾಡಿಕೊಟ್ಟವರು ಅವರು. ಮಂದಿ ಕೆಲಸ ಮಾಡುವುದನ್ನು ಒಂದು ಹೊತ್ತು ನೋಡಿಯೇ ಅಳತೆ ಹಿಡಿಯುತ್ತಿದ್ದರು. "ನೀ ಹೊಲಿಯವ್ವಾ, ನಾ ಸುಮ್ನ ನೋಡತೇನಿ" ಎಂದು ಎದುರಿಗೆ ಕೂತರು. ಮಾವನ ವಯಸ್ಸಿನವರು. ನಾನು ತಲೆ ತುಂಬ ಸೆರಗು ಹೊದ್ದು, ಶಾಲೆಗೆ ತಪಾಸಣೆಯ ಸಾಹೇಬರು ಬಂದಾಗ ಕೂರುತ್ತಿದ್ದ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತೆ.

ಬಂದ ಕುರ್ಚಿ ನೋಡಲು ಬಹಳ ಚೆಂದ. ಅರ್ಧ ತಾಸು ಕೂತರೆ ಸ್ಟೂಲೇ ವಾಸಿ ಅನಿಸುತ್ತಿತ್ತು. ಹೇಳಲು ಬಾಯಿ ಬರದೆ ಅದರ ಮೇಲೆ ಬಟ್ಟೆ ಮಡಿಚಿಡತೊಡಗಿದೆ. ಹದಿನೈದು ದಿನದ ಮೇಲೆ ಪಾಯಜಾಮ ಹೊಲಿಸಲು ಬಂದ ಕಾಕಾ ಬಾಗಿಲಲ್ಲೇ ನಿಂತರು. ನಾನು ಸ್ಟೂಲಿನ ಮೇಲೆ ಮುದುಡಿಕೊಂಡು, ಮೂಗು ಸೂಜಿಗೆ ತಾಗುವಷ್ಟು ಬಾಗಿ ಹೊಲಿಯುತ್ತಿದ್ದೆ.

"ಕುರ್ಚಿದು ತಪ್ಪಿಲ್ಲವ್ವಾ," ಎಂದು ನಕ್ಕರು. "ಅವತ್ತ ನೀ ಹೊಲೀಲೇ ಇಲ್ಲ. ನನಗ ಮರ್ಯಾದಿ ಕೊಟ್ಟಿ."

ಮರುದಿನ ಕಟ್ಟಿಗೆ ಪುಡಿ ತುಂಬಿದ ಸಣ್ಣ ಚೀಲ ತಂದು ಸ್ಟೂಲಿನ ಮೇಲೆ ಕಟ್ಟಿ, ಅದರ ಮೇಲೆ ಕೂತು ಹೊಲಿಯಲು ಹೇಳಿದರು. ಆಮೇಲೆ ಹೊರಗಿನ ಕಟ್ಟೆಗೆ ಹೋಗಿ ನನಗೆ ಬೆನ್ನು ಹಾಕಿ, ಬೀದಿ ನೋಡುತ್ತ ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ನಾನು ಅವರನ್ನು ಮರೆತೆ. ಸೆರಗು ಜಾರಿತು, ಬೆನ್ನು ಬಾಗಿತು. ಬಹಳ ಹೊತ್ತಾದ ಮೇಲೆ ಅವರು ತಿರುಗದೆಯೇ ಕೇಳಿದರು: "ಬಲಗಾಲಿನ ಮ್ಯಾಲ ಭಾಳ ಭಾರ ಹಾಕತೀ ಅಲ್ಲಾ?" ಮಷೀನಿನ ಸಪ್ಪಳದಲ್ಲೇ ಅವರಿಗೆ ತಿಳಿದಿತ್ತು. ಸಂಜೆ ನೋಡಿದರೆ ಚೀಲದಲ್ಲಿ ಬಲಗಡೆಯೇ ಆಳವಾಗಿ ಕುಸಿದಿತ್ತು.

ಅದೇ ಬೇವಿನ ಕುರ್ಚಿಯನ್ನು ಅವರು ಆ ಕುಸಿತಕ್ಕೆ ತಕ್ಕಂತೆ ಕೆತ್ತಿದರು. ನಡುವಿಗೆ ಒಂದು ಗಿಡ್ಡ ಆಸರೆ ಕೊಟ್ಟರು. ತಿಂಗಳೊಳಗೆ ನಾನು ಗೋಡೆ ಹಿಡಿಯುವುದನ್ನು ಬಿಟ್ಟೆ. ಮಷೀನು ಮಾರುವ ಮಾತೂ ನಿಂತಿತು. ಅತ್ತೆ ಒಮ್ಮೆ ಅದರ ಮೇಲೆ ಕೂತು, "ನನಗ ಒತ್ತತೈತಲ್ರಿ ಇದು" ಎಂದು ತಕರಾರು ತೆಗೆದರು. "ಅದು ನಿಮ್ಮದಲ್ರಿ ಅಕ್ಕಾ, ಆಕೀದು" ಎಂದರು ಕಾಕಾ. ಅವತ್ತು ನನಗಾದ ಖುಷಿಯನ್ನು ಯಾರಿಗೂ ತೋರಿಸಲಿಲ್ಲ.

ಕಾಕಾ ತೀರಿಕೊಂಡು ಬಹಳ ವರ್ಷಗಳಾದವು... ಹೋದ ವಾರ ಬಂದ ಬಡಿಗ, "ಕೂತು ನೋಡ್ರಿ" ಎಂದ. ಸೊಸೆ ತಂದ ವಯಸ್ಸಿನಲ್ಲೂ ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು, ಬೆನ್ನು ನೆಟ್ಟಗಾಯಿತು. "ಬರೋಬ್ಬರಿ ಆತಲ್ರಿ?" ಎಂದ. ಆತು ಎಂದೆ.

ಅವನು ಹೋದ ಮೇಲೆ ನನ್ನ ಹಾಗೆ ಕೂತೆ. ಕುರ್ಚಿ ಅಲುಗಲಿಲ್ಲ. ಆದರೆ ಈಗ ಮೈ ಬದಲಾಗಿದೆ, ಎಡಗಡೆ ಸ್ವಲ್ಪ ಒತ್ತುತ್ತದೆ. ಮತ್ತೊಮ್ಮೆ ಅಳತೆ ತೆಗೆಯಬೇಕಿತ್ತು. ಬಾಗಿಲಾಚೆಯ ಕಟ್ಟೆ ಖಾಲಿ ಇತ್ತು. ಒಂದು ತುಂಡು ಬಟ್ಟೆ ಮಡಿಚಿ ಎಡಕ್ಕಿಟ್ಟುಕೊಂಡು ಮಷೀನು ತುಳಿಯತೊಡಗಿದೆ.