ಬೆಂಕಿಗೆ ಬಗ್ಗದ ಸರಳು

ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಲ್ಯಾಬಿನಲ್ಲಿ ಮಿಶ್ರಲೋಹಗಳನ್ನು ಕಾಯಿಸಿ, ಎಳೆದು, ಮುರಿದು ನೋಡುವುದು ನನ್ನ ಉದ್ಯೋಗ. ಹೆಮ್ಮಿಗೆಯ ನನ್ನ ಸೋದರಮಾವನ ಬಾಯಲ್ಲಿ ನಾನು ವಿಜ್ಞಾನಿಯಾದೆ. ವಿಜ್ಞಾನಿ ಸಿಕ್ಕಮೇಲೆ ಸನ್ಮಾನ ಮಾಡದೆ ಬಿಡುವ ಜಾಯಮಾನ ನಮ್ಮವರದಲ್ಲ.

"ಬರೀ ಕೈಲಿ ಬಂದ್ಬುಟ್ಟೀಯ, ಜನಕ್ಕೆ ತೋರ್ಸಕೆ ಏನಾರ ತತ್ತಾ" ಎಂದು ಮಾವ ಫೋನಿನಲ್ಲಿ ಎಚ್ಚರಿಸಿದರು. ಮೇಲಧಿಕಾರಿಯನ್ನು ಕೇಳಿ, ನಿಕ್ಕಲ್ ಮತ್ತು ಅಲ್ಯೂಮಿನಿಯಂ ಬೆರೆತ, ಪೆನ್ಸಿಲ್ಲಿನಷ್ಟು ದಪ್ಪದ ಸರಳೊಂದನ್ನು ಸನ್ಮಾನವಿದ್ದ ತಿ. ನರಸೀಪುರದ ಕಲ್ಯಾಣ ಮಂಟಪಕ್ಕೆ ಒಯ್ದೆ.

ವೇದಿಕೆಯಲ್ಲಿ ವಿವರಿಸಿದೆ. ಕರಗಿದ ಲೋಹವನ್ನು ಒಂದೇ ತುದಿಯಿಂದ ನಿಧಾನವಾಗಿ ತಣಿಸಿದರೆ ಒಳಗಿನ ಹರಳುಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ಬೆಳೆಯುತ್ತವೆ. ಆ ದಿಕ್ಕಿಗೆ ಎಳೆದರೆ ಕೆಂಡದಂಥ ಬಿಸಿಯಲ್ಲೂ ಸರಳು ತಡೆದುಕೊಳ್ಳುತ್ತದೆ. ತಣ್ಣಗಿದ್ದಾಗ ಮಾತ್ರ ಬಲು ಪೆಡಸು, ಕುಟ್ಟಿದರೆ... ಎನ್ನುವಷ್ಟರಲ್ಲಿ, ಸಮಯದ ಅಭಾವವೆಂದು ನಿರೂಪಕರು ಮೈಕು ತೆಗೆದುಕೊಂಡರು. ಅಭಾವವಿದ್ದದ್ದು ನನಗೆ ಮಾತ್ರ. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದರು.

ಕೊನೆಗೆ ಅವರು ಸರಳನ್ನು ಎತ್ತಿ ಹಿಡಿದು, "ಬೆಂಕಿಗೇ ಬಗ್ಗದ್ದು ಇನ್ಯಾವುದಕ್ಕೆ ಬಗ್ಗುತ್ತೆ?" ಎಂದು ವೇದಿಕೆಯ ಕಲ್ಲಿನ ಅಂಚಿಗೆ ಬಾರಿಸಿದರು. ಸರಳು ಅವರ ಮಾತು ಉಳಿಸಿತು, ಬಗ್ಗಲಿಲ್ಲ. ಎರಡು ತುಂಡಾಯಿತು.

ಅದನ್ನು ಬೆಳೆಸಲು ಕುಲುಮೆಯ ಮುಂದೆ ಕಾದು ಕೂತವನು ನಾನು. ಬಗ್ಗಿ ತುಂಡುಗಳನ್ನು ಆರಿಸಿಕೊಂಡೆ. ಸಭೆ ಮಾತ್ರ ಚಪ್ಪಾಳೆ ತಟ್ಟಿತು. "ಸಾಹೇಬ್ರ ಕೈ ಅಂದ್ರೆ ಕೈ ಕಣ್ರೀ" ಎಂದು ಮುಂದಿನ ಸಾಲಿನವರೊಬ್ಬರು ಮೆಚ್ಚಿದರು. ಮುಖ್ಯ ಅತಿಥಿಗಳು ವಿನಯದಿಂದ ಕೈ ಮುಗಿದರು.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಮಾವ ಸಪ್ಪಗಿದ್ದರು. "ಒಲೇಲಿಟ್ರೂ ಏನೂ ಆಗಕಿಲ್ಲ ಅಂದಿದ್ಯಲ್ಲಲಾ?"

"ಒಲೇಲಿಟ್ಟಿದ್ರೆ ಏನೂ ಆಗ್ತಿರ್ಲಿಲ್ಲ ಮಾವ. ತಣ್ಣಗಿದ್ದಾಗ ಕುಟ್ಟಬಾರ್ದು."

"ಅಂಗಾರೆ ಬಿಸಿ ಮಾಡ್ಕಂಡೇ ತರ್ಬೇಕಾಗಿತ್ತು ನೀನು."

ಸನ್ಮಾನದ ಶಾಲಿನಲ್ಲೇ ತುಂಡುಗಳನ್ನು ಸುತ್ತಿಕೊಂಡು ಸೋಮವಾರ ಲ್ಯಾಬಿಗೆ ಹೋದೆ. ನಡೆದದ್ದನ್ನು ಹೇಳಿ ಬೈಗುಳಕ್ಕೆ ಸಿದ್ಧನಾದೆ. ಮೇಲಧಿಕಾರಿ ತುಂಡಿನ ಮುರಿದ ಮೈಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರು.

"ಇಷ್ಟು ಚೊಕ್ಕವಾದ ಮುರಿತ ನಮ್ಮ ಮಷೀನಲ್ಲಿ ಒಂದ್ಸಲಾನೂ ಬಂದಿಲ್ವಲ್ರೀ" ಎಂದರು.

ಫೋಟೋ ತೆಗೆದದ್ದಾಯಿತು. ವರದಿಯಲ್ಲಿ ಪರೀಕ್ಷೆಯ ವಿಧಾನ ಏನೆಂದು ಬರೆಯಲಿ ಎಂದು ಕೇಳಿದೆ. "ಸಾಮಾನ್ಯ ಉಷ್ಣತೆಯಲ್ಲಿ, ಕೈಯಿಂದ ಕೊಟ್ಟ ಹೊಡೆತ ಅಂತ ಬರೀರಿ" ಎಂದರು. ಹಾಗಾದರೆ ಮುಖ್ಯ ಅತಿಥಿಗಳಿಗೆ ಕೃತಜ್ಞತೆ ಹೇಳೋಣವೇ ಎಂದೆ.

"ಬೇಡ. ಗೊತ್ತಾದ್ರೆ ಇನ್ನೊಂದು ಸರಳು ಕೇಳ್ತಾರೆ."